ಬುಕ್ಕರಾಯ

ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಕಡೆಯಿಂದ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳ್ಗೊಳಕ್ಕೆ ಬರುವ ಯಾತ್ರಿಕರ ದೃಷ್ಟಿಯೆಲ್ಲ ಸಹಜವಾಗಿಯೇ ಬೆಟ್ಟದ ಮೇಲಿನ ಗೊಮ್ಮಟಮೂರ್ತಿಯತ್ತ ಹರಿಯುತ್ತದೆ. ಕೆಳಗೆ, ಊರೊಳಗಿನ ಭಂಡಾರಿ ಬಸದಿಯಲ್ಲಿರುವ ಒಂದು ಶಿಲಾಶಾಸನದ ಮುಂದೆ ನಿಲ್ಲುವವರು ವಿರಳ. ಹೊಯ್ಸಳರ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಬಸದಿ ಅದು. ಶಾಸನವಾದರೋ ಅದಕ್ಕಿಂತ ಇನ್ನೂರು ವರ್ಷ ಈಚಿನದು. 1368ರ ಆ ಶಾಸನದಿಂದ ವಿಜಯನಗರದ ಅರಸನಾದ ಬುಕ್ಕರಾಯನ ಮನೋಧರ್ಮ ತಿಳಿಯುವಷ್ಟು ಅವನ ದಿಗ್ವಿಜಯಗಳ ವರ್ಣನೆಯಿಂದ ತಿಳಿಯದು.

ಬುಕ್ಕನು ಸಂಗಮನ ಐವರು ಮಕ್ಕಳಲ್ಲಿ ಒಬ್ಬನು. ಹೊಯ್ಸಳರ ಪ್ರಭುತ್ವವು ಕೊನೆಗಾಣುತ್ತಿದ್ದ ಕಾಲದಲ್ಲಿ ಅಣ್ಣನಾದ ಹರಿಹರನೊಡನೆ ಸೇರಿ ಹೊಸ ರಾಜ್ಯವೊಂದನ್ನು ಕಟ್ಟಿದನು. 1346ರಲ್ಲಿ ಈ ಸಹೋದರರು ಶೃಂಗೇರಿಯಲ್ಲಿ ಒಟ್ಟುಗೂಡಿ ಭಾರತೀತೀರ್ಥರಿಗೆ ದತ್ತಿಯನ್ನು ನೀಡಿದರು. ಅಣ್ಣನ ತರುವಾಯ, ಸುಮಾರು 1356ರಿಂದ 1377ರವರೆಗೆ, ಬುಕ್ಕನು ರಾಜ್ಯವಾಳಿದನು. ಸಾಯಣಾಚಾರ್ಯರ ವೇದಭಾಷ್ಯ ರಚನೆಗೆ ಆಶ್ರಯವಿತ್ತವನು ಅವನೇ. ಅವನ ಮಗ ಕಂಪಣನು ಮಧುರೆಯನ್ನು ಗೆದ್ದನು. ಸೊಸೆ ಗಂಗಾದೇವಿಯು ಆ ವಿಜಯವನ್ನು ಸಂಸ್ಕೃತದಲ್ಲಿ ಕಾವ್ಯವಾಗಿಸಿದಳು. ಚೀನಾದ ಮಿಂಗ್ ಚಕ್ರವರ್ತಿಯ ಆಸ್ಥಾನಕ್ಕೂ 1374ರಲ್ಲಿ ಬುಕ್ಕನು ರಾಯಭಾರಿಗಳನ್ನು ಕಳುಹಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಅವನ ಬಿರುದುಗಳಲ್ಲಿ ಒಂದು, ಭಾಷೆಗೆ ತಪ್ಪುವ ರಾಯರ ಗಂಡ ಎಂಬುದು. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ದಂಡಿಸುವವನು ಎಂದು ಅದರ ಅರ್ಥ. ಬಿರುದುಗಳು ಎಲ್ಲ ಅರಸರಿಗೂ ಇದ್ದುವು. ಅವುಗಳಿಗೆ ತಕ್ಕಂತೆ ನಡೆಯಬೇಕಾದ ಸಂದರ್ಭ ಬುಕ್ಕನಿಗೆ ಒದಗಿ ಬಂದಿತು.

ಉತ್ತರದ ಬಹಮನಿ ಸುಲ್ತಾನನಾದ ಮೊದಲನೆಯ ಮಹಮ್ಮದ್ ಷಾನಿಗೂ ವಿಜಯನಗರಕ್ಕೂ 1366ರ ಸುಮಾರಿನಲ್ಲಿ ಘೋರ ಯುದ್ಧ ನಡೆಯಿತು. ಎಷ್ಟೋ ಕಾಲದ ಮೇಲೆ ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫೆರಿಶ್ತಾನು ಅದನ್ನು ವರ್ಣಿಸಿದ್ದಾನೆ. ಅವನು ಹೇಳುವ ಸಾವಿನ ಲೆಕ್ಕವನ್ನು ಯಥಾವತ್ತಾಗಿ ನಂಬಲಾಗದು. ಆದರೆ ನಿರಾಯುಧರೂ ಹೆಂಗಸರೂ ಮಕ್ಕಳೂ ಹತರಾದರೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕೊನೆಗೆ ವಿಜಯನಗರದ ರಾಯಭಾರಿಗಳು ಸುಲ್ತಾನನ ಬಳಿಗೆ ಹೋದರು. ಸುಲ್ತಾನನು ಮುಂದಿಟ್ಟ ಷರತ್ತನ್ನು ಒಪ್ಪಿಕೊಂಡ ಬಳಿಕ, ಮತ್ತೊಂದು ಮಾತಿಗೆ ಅವರು ಅಪ್ಪಣೆ ಬೇಡಿದರು. ಅಪರಾಧಿಗಳು ಮಾಡಿದ ತಪ್ಪಿಗೆ ನಿರಪರಾಧಿಗಳನ್ನು ಕೊಲ್ಲಲು ಯಾವ ಧರ್ಮವೂ ಹೇಳುವುದಿಲ್ಲ; ನೆರೆಹೊರೆಯ ರಾಜ್ಯಗಳ ನಡುವೆ ಮುಂದೆಯೂ ಯುದ್ಧಗಳು ನಡೆಯಬಹುದು; ಆಗಲೂ ನಿರಾಯುಧರನ್ನು ಕೊಲ್ಲದಂತೆ ಒಪ್ಪಂದವಾಗಬೇಕು ಎಂದು ಅವರು ವಾದಿಸಿದರು. ಸುಲ್ತಾನನು ಆ ಮಾತನ್ನು ಮನ್ನಿಸಿ, ತಾನೂ ತನ್ನ ಸಂತತಿಯವರೂ ಹಾಗೆ ನಡೆಯುವುದಾಗಿ ಪ್ರತಿಜ್ಞೆ ಮಾಡಿದನೆಂದು ಫೆರಿಶ್ತಾನು ಬರೆಯುತ್ತಾನೆ. ಶತ್ರುವಿನ ಸಭೆಯಲ್ಲಿ, ಶತ್ರುವೂ ಗೌರವಿಸುವ ಧರ್ಮದ ಹೆಸರಿನಲ್ಲಿ ಮಾಡಿದ ವಾದವಿದು.

ಇದಾದ ಸ್ವಲ್ಪ ಕಾಲದಲ್ಲಿಯೇ ಬುಕ್ಕನ ಮುಂದೆ ಇನ್ನೊಂದು ಮೊರೆ ಬಂದಿತು. ಈ ಬಾರಿ ಕಲಹ ಅವನ ರಾಜ್ಯದೊಳಗೇ ಇತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬಿನ್ನಹ ಮಾಡಿಕೊಂಡರು. ಪಂಚಮಹಾವಾದ್ಯ, ಕಲಶಗಳನ್ನು ಬಳಸುವ ಹಕ್ಕು ತಮಗಿದೆಯೇ ಇಲ್ಲವೇ ಎಂಬುದು ವಿವಾದದ ಮುಖ್ಯ ವಿಷಯ. ನಮಗೆ ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಊರ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಪ್ರಶ್ನೆಯೇ ಅದರಲ್ಲಿ ಅಡಗಿತ್ತು.

ಬುಕ್ಕನು ಒಂದು ಆಜ್ಞೆಯನ್ನು ಹೊರಡಿಸಿ ಸುಮ್ಮನಿರಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಕೂಡಿಸಿದನು. ತಿರುಕುಲ, ಜಾಂಬವಕುಲದವರ ಹೆಸರೂ ಆ ಶಾಸನದಲ್ಲಿದೆ. ಎಲ್ಲರ ಸಮಕ್ಷಮದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ವಾದ್ಯಗಳೂ ಕಲಶವೂ ಜೈನರಿಗೆ ಸಲ್ಲತಕ್ಕವೆಂದು ತೀರ್ಪಿತ್ತನು. ಜೈನರಿಗೆ ಭಕ್ತರಿಂದ ಹಾನಿಯಾದರೆ ಅದನ್ನು ವೈಷ್ಣವರು ತಮಗಾದ ಹಾನಿಯೆಂದೇ ಭಾವಿಸಬೇಕೆಂದು ವಿಧಿಸಿದನು. ಯಾರ ಮೇಲೆ ದೂರು ಬಂದಿತ್ತೋ ಅವರನ್ನೇ ರಕ್ಷಣೆಗೆ ಹೊಣೆಗಾರರನ್ನಾಗಿ ಮಾಡಿದ ಈ ಉಪಾಯ ಎಷ್ಟು ಜಾಣತನದ್ದು! ಶಾಸನವು ರಾಮಾನುಜಾಚಾರ್ಯರ ಸ್ತುತಿಯಿಂದಲೇ ಮೊದಲಾಗುತ್ತದೆ.

ರಾಜ್ಯದಲ್ಲಿರುವ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳ್ಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಮಿಕ್ಕುದನ್ನು ಶಿಥಿಲವಾದ ಜಿನಾಲಯಗಳಿಗೆ ಸುಣ್ಣ ಬಳಿಸಲು ವಿನಿಯೋಗಿಸತಕ್ಕದ್ದು ಎಂಬ ಏರ್ಪಾಡೂ ಆಯಿತು. ಮೊರೆಯಿಟ್ಟವರೇ ಕಾವಲಿನ ವೆಚ್ಚವನ್ನೂ ಹೊರಬೇಕಾಯಿತಲ್ಲ ಎಂದು ಇಂದಿನ ಓದುಗರಿಗೆ ಅನ್ನಿಸಿದರೆ ಅದು ತಪ್ಪಲ್ಲ. ಆದರೆ ವೈಷ್ಣವ ಗುರುವೊಬ್ಬನು ಬಸದಿಯ ಕಾವಲಿನ ಲೆಕ್ಕವನ್ನು ನೋಡಿಕೊಳ್ಳತೊಡಗಿದ ಮೇಲೆ, ಹಳೆಯ ಹಗೆಯನ್ನು ಮುಂದುವರಿಸುವುದು ಸುಲಭವಾಗಿರಲಿಲ್ಲ.

ಈ ತೀರ್ಪನ್ನು ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಗೊತ್ತಾಯಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಎಂದರೆ ಅಂದಿನ ಕಲ್ಲೆಹದಲ್ಲಿ, ಇದರ ಪ್ರತಿಯೊಂದು ದೊರೆತಿದೆ. ಆ ಊರಿನ ಬುಸುವಿ ಸೆಟ್ಟಿಯು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡು, ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದನೆಂದು ಬೆಳ್ಗೊಳದ ಶಾಸನದ ಕೊನೆಯಲ್ಲಿ ಸೇರಿಸಿದೆ. ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದವರು ಜೈನರು ಮಾತ್ರವಲ್ಲ. ಉಭಯ ಸಮಯದವರೂ ಕೂಡಿಯೇ ಕಟ್ಟಿದರು.

ಬುಕ್ಕರಾಯನು 1377ರಲ್ಲಿ ತೀರಿಕೊಂಡನು. ಅವನ ಮಗ ಇಮ್ಮಡಿ ಹರಿಹರನ ಕಾಲದಲ್ಲಿ, ಜೈನನಾದ ದಂಡನಾಯಕ ಇರುಗಪ್ಪನು ರಾಜಧಾನಿಯಲ್ಲಿಯೇ ಕುಂಥುನಾಥನಿಗೆ ಕಲ್ಲಿನ ಜಿನಾಲಯವೊಂದನ್ನು ಕಟ್ಟಿಸಿದನು. ಹಂಪೆಗೆ ಹೋದವರು ಅದನ್ನು ಗಾಣಿಗಿತ್ತಿ ಗುಡಿಯೆಂಬ ಹೆಸರಿನಲ್ಲಿ ಇಂದಿಗೂ ಕಾಣಬಹುದು.