ಮೊದಲ ಮೆಟ್ಟಿಲನ್ನು ಕಟ್ಟಿದ ಗಣಿತಾಚಾರ್ಯರು: ಜಾನ್ ಕೆಮೆನಿ

ಗಣಕಯಂತ್ರಕ್ಕೆ ಕೆಲಸ ಹೇಳುವ ಭಾಷೆಗಳು ಇಂದು ನೂರಾರು ಇವೆ. ಅವುಗಳಲ್ಲಿ ಮೊದಲು ಯಾವುದನ್ನು ಕಲಿಯಬೇಕೆಂದು ಶಾಲೆಯ ಮಕ್ಕಳು ಕನ್ನಡ ಕಲಿಸುವ ನಮ್ಮನ್ನೂ ಕೇಳುವುದುಂಟು. ಇದೇ ಪ್ರಶ್ನೆಯನ್ನು ಹಿಡಿದು ಶ್ರಮಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಹೇಳುವುದೇ ಅದಕ್ಕೆ ತಕ್ಕ ಉತ್ತರವೆಂದು ನಮಗೆ ತೋರುತ್ತದೆ.

ಜಾನ್ ಕೆಮೆನಿಯವರು 1926ನೆಯ ಇಸವಿ ಮೇ 31ರಂದು ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ, ಯೆಹೂದ್ಯರ ಮನೆತನದಲ್ಲಿ ಜನಿಸಿದರು. ಮುಂಬರುವ ವಿಪತ್ತನ್ನು ಅರಿತ ತಂದೆಯು 1940ರಲ್ಲಿ ಸಂಸಾರವನ್ನು ಅಮೆರಿಕೆಗೆ ಕರೆಯಿಸಿಕೊಂಡರು. ಊರು ಬಿಡಲೊಪ್ಪದ ಅಜ್ಜನು ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದನು. ಹದಿಮೂರರ ಬಾಲಕನು ನ್ಯೂಯಾರ್ಕಿನ ಶಾಲೆಯೊಂದರಲ್ಲಿ ಪರಭಾಷೆಯ ಪಾಠಗಳ ನಡುವೆ ಕುಳಿತನು. ಮೂರೇ ವರ್ಷಗಳಲ್ಲಿ ತರಗತಿಗೆ ಮೊದಲಿಗನಾಗಿ ಹೊರಬಂದನು.

ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಅಭ್ಯಸಿಸಿ, ಕೆಲಕಾಲ ಐನ್‌ಸ್ಟೈನರಿಗೆ ಸಹಾಯಕರಾಗಿದ್ದು, 1949ರಲ್ಲಿ ಡಾಕ್ಟರೇಟ್ ಪಡೆದರು. 1953ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿಯೇ, ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕರಾದರು.

ಆ ಕಾಲದಲ್ಲಿ ಗಣಕವು ಪಂಡಿತರ ಸೊತ್ತಾಗಿದ್ದಿತು. ರಟ್ಟಿನ ಚೀಟಿಗಳಲ್ಲಿ ತೂತು ಕೊರೆದು ಲೆಕ್ಕವನ್ನು ಒಪ್ಪಿಸಿ, ಉತ್ತರಕ್ಕಾಗಿ ಕಾದಿರಬೇಕಾಗುತ್ತಿದ್ದಿತು. ಸಾಹಿತ್ಯ, ಚರಿತ್ರೆಗಳನ್ನು ಓದುವ ವಿದ್ಯಾರ್ಥಿಗೂ ಈ ವಿದ್ಯೆ ದೊರೆಯಬೇಕೆಂಬುದು ಕೆಮೆನಿಯವರ ಮತ್ತು ಅವರ ಸಹೋದ್ಯೋಗಿ ಥಾಮಸ್ ಕರ್ಟ್ಸ್ ಅವರ ಹಂಬಲವಾಗಿದ್ದಿತು. ಆದರೆ ಯಾವ ಭಾಷೆಯಲ್ಲಿ ಕಲಿಸುವುದು? ಬಳಕೆಯಲ್ಲಿದ್ದ ಫೋರ್‌ಟ್ರಾನನ್ನೇ ಸುಲಭಗೊಳಿಸಿದರೆ ಸಾಕೆಂದು ಕರ್ಟ್ಸ್ ಮೊದಲು ಎಣಿಸಿದ್ದರು. ಹೊಸಬರಿಗೆ ಹೊಸ ಭಾಷೆಯೇ ಬೇಕೆಂದು ಕೆಮೆನಿಯವರು ಪಟ್ಟುಹಿಡಿದರು.

ಹಾಗೆ ಹುಟ್ಟಿದುದೇ ಬೇಸಿಕ್. ಲೆಟ್, ಪ್ರಿಂಟ್, ಇಫ್ ಮೊದಲಾದ ಕೆಲವೇ ಆಜ್ಞಾಪದಗಳು. ಹೆಚ್ಚಿನವು ಅಲ್ಲಿನ ಮಕ್ಕಳ ಆಡುಮಾತಿನವು. ಪೂರ್ಣಾಂಕವೋ ದಶಮಾಂಶವೋ ಎಂಬ ಭೇದವನ್ನು ಕಲಿಯುವವನು ಎಣಿಸಬೇಕಾಗಿರಲಿಲ್ಲ. ಅದು ಯಂತ್ರದ ಪಾಲಿಗೆ ಬಿಟ್ಟ ಕೆಲಸ. 1964ರ ಮೇ 1ರಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಮೆನಿಯವರೂ ವಿದ್ಯಾರ್ಥಿಯೊಬ್ಬನೂ ಎರಡು ಟೈಪ್‌ಯಂತ್ರಗಳಿಂದ ಒಂದೇ ಗಣಕಕ್ಕೆ ಲೆಕ್ಕ ಕೊಟ್ಟರು. ಇಬ್ಬರಿಗೂ ಉತ್ತರ ಬಂದಿತು. ಆ ವ್ಯವಸ್ಥೆಯ ಬಹಳಷ್ಟು ಕೆಲಸವನ್ನು ಮಾಡಿದವರು ಪದವಿ ತರಗತಿಯ ಹುಡುಗರೇ ಎಂಬುದು ಗಮನಿಸತಕ್ಕ ಮಾತು.

ದೂಷಣೆಯೂ ತಪ್ಪಲಿಲ್ಲ. ಬೇಸಿಕ್ ಕಲಿತವರ ವಿಚಾರಕ್ರಮವೇ ಕೆಡುವುದೆಂದು 1975ರಲ್ಲಿ ಡೈಕ್‌ಸ್ಟ್ರಾ ಎಂಬ ಗಣಕ ವಿದ್ವಾಂಸರು ಕಟುವಾಗಿ ಬರೆದರು. ಅನ್ಯರು ಮಾರುತ್ತಿದ್ದ ಬೇಸಿಕ್‌ಗಳ ಓರೆಕೋರೆಗಳನ್ನು ಕಂಡು ಕೆಮೆನಿಯವರೂ ನೊಂದರು. 1983ರಲ್ಲಿ ಕರ್ಟ್ಸ್‌ರೊಡಗೂಡಿ ಅದನ್ನು ತಿದ್ದಿ ಹೊಸದಾಗಿ ರೂಪಿಸಲು ತೊಡಗಿದರು. ಇದಕ್ಕೆ ಮೊದಲು 1970ರಿಂದ 1981ರವರೆಗೆ ಕಾಲೇಜಿನ ಅಧ್ಯಕ್ಷಪದವಿಯಲ್ಲಿದ್ದಾಗಲೂ ಅವರು ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. 1972ರಲ್ಲಿ ಆ ಕಾಲೇಜು ಹೆಣ್ಣುಮಕ್ಕಳಿಗೂ ಪದವಿ ಶಿಕ್ಷಣದ ಬಾಗಿಲು ತೆರೆದುದು ಅವರ ಕಾಲದಲ್ಲಿಯೇ. 1992ರ ಡಿಸೆಂಬರ್ 26ರಂದು ಅವರು ದಿವಂಗತರಾದರು.

ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಈ ಮುಂಬಯಿಗೆ ಬಂದ ನಾವು ಮೊದಲ ಸಲ ಗಣಕದ ಮುಂದೆ ಕುಳಿತಾಗ, ಅರ್ಥವಾಗದ ಇಂಗ್ಲಿಷ್ ಸೂಚನೆಗಳಿಗೆ ಹೆದರಿ ಎದ್ದುಬಂದಿದ್ದೆವು. ದಡ್ಡತನವು ನಮ್ಮದೇ ಎಂದು ಬಹುಕಾಲ ನಂಬಿದ್ದೆವು. ಕೆಮೆನಿಯವರ ಚರಿತ್ರೆಯನ್ನು ಓದಿದ ಬಳಿಕ ಆ ನಂಬಿಕೆ ಹೋಯಿತು. ಬಾಗಿಲು ಎತ್ತರವಾಗಿದ್ದರೆ ಮೆಟ್ಟಿಲು ಕಟ್ಟುವುದು ಕಲಿಸುವವರ ಹೊಣೆ.

ಆದುದರಿಂದ ಮಕ್ಕಳೇ, ಚಿಕ್ಕವರು ಸ್ಕ್ರ್ಯಾಚ್‌ನಿಂದಲೋ ದೊಡ್ಡವರು ಪೈಥಾನ್‌ನಿಂದಲೋ ತೊಡಗಿರಿ; ಹೆಸರಿಗಾಗಿ ಜಗಳವಾಡಬೇಡಿರಿ. ಬೆಳಗ್ಗೆ ಎಣಿಸಿದ ಸಣ್ಣ ಕೆಲಸವನ್ನು ಸಂಜೆಯೊಳಗೆ ಮಾಡಿ ನೋಡಲು ಬಿಡುವ ಭಾಷೆಯೇ ಮೊದಲ ಭಾಷೆ. ಅಕ್ಷರ ತಿದ್ದಿದ ಸ್ಲೇಟಿನಲ್ಲಿಯೇ ಯಾರೂ ಬಾಳೆಲ್ಲ ಬರೆಯುವುದಿಲ್ಲ. ಆದರೆ ಬರೆಯಬಲ್ಲೆನೆಂಬ ಧೈರ್ಯ ಹುಟ್ಟುವುದು ಆ ಸ್ಲೇಟಿನ ಮೇಲೆಯೇ.