ಗಡುವನ್ನು ಮೀರಿದ ಬಾಳು: ಫ್ರಾಂಜ್ ರೋಸೆನ್‌ಜ್ವೈಗ್

ಚಿಂತನೆ ಏಕಾಂತದಲ್ಲಿ ಅಲ್ಲ, ಸಂವಾದದಲ್ಲಿ ಹುಟ್ಟುತ್ತದೆ. ಅದಕ್ಕೆ ಎದುರಿನಲ್ಲಿ ಮತ್ತೊಬ್ಬ ಮನುಷ್ಯ ಬೇಕು ಎಂದು ನಂಬಿದ ತತ್ತ್ವಜ್ಞಾನಿ ಫ್ರಾಂಜ್ ರೋಸೆನ್‌ಜ್ವೈಗ್. ಆ ನಂಬಿಕೆಯನ್ನು ವಿಧಿ ಕಠಿಣವಾಗಿಯೇ ಪರೀಕ್ಷಿಸಿತು.

ಜರ್ಮನಿಯ ಕಾಸೆಲ್ ನಗರದ ಯೆಹೂದ್ಯ ಮನೆತನದಲ್ಲಿ 1886ರ ಡಿಸೆಂಬರ್ 25ರಂದು ಜನಿಸಿದ ಈತ ವೈದ್ಯಶಾಸ್ತ್ರವನ್ನು ಬಿಟ್ಟು ಇತಿಹಾಸ, ತತ್ತ್ವಶಾಸ್ತ್ರಗಳ ಕಡೆಗೆ ಹೊರಳಿದನು. ಮೊದಲನೆಯ ಮಹಾಯುದ್ಧದಲ್ಲಿ ಬಾಲ್ಕನ್ ರಣರಂಗದಲ್ಲಿದ್ದಾಗ ಬರೆಯತೊಡಗಿದ 'ವಿಮೋಚನೆಯ ನಕ್ಷತ್ರ' 1921ರಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾನಿಲಯದ ಹುದ್ದೆಯನ್ನು ಒಲ್ಲದೆ, 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ವಯಸ್ಕರಿಗಾಗಿ ಒಂದು ವಿದ್ಯಾಕೇಂದ್ರವನ್ನು ತೆರೆದನು. ಅದೇ ವರ್ಷ ಎಡಿತ್ ಹಾನ್‌ಳನ್ನು ವರಿಸಿದನು.

1922ರ ಆರಂಭದಲ್ಲಿ ರೋಗದ ಹೆಸರು ತಿಳಿಯಿತು. ಮಿದುಳು, ಬೆನ್ನುಹುರಿಗಳಿಂದ ಸ್ನಾಯುಗಳಿಗೆ ಆಜ್ಞೆಯನ್ನೊಯ್ಯುವ ಚಲನ ನರಕೋಶಗಳನ್ನೇ ನಾಶಮಾಡುವ ವ್ಯಾಧಿಯದು. ಆತನ ಆಯುಷ್ಯ ಹೆಚ್ಚೆಂದರೆ ಒಂದು ವರ್ಷವೆಂದು ವೈದ್ಯರು ಎಣಿಸಿದರು. ಆ ವರ್ಷವೇ ಮಗ ಹುಟ್ಟಿದನು. ವರ್ಷದ ಕೊನೆಗೆ ತಂದೆಯ ಕೈ ಬರೆಯದಾಯಿತು. 1923ರಲ್ಲಿ ಮಾತೂ ನಿಂತಿತು. ಬುದ್ಧಿ ಮಾತ್ರ ಕುಂದಲಿಲ್ಲ.

ವಿಶೇಷವಾದೊಂದು ಬೆರಳಚ್ಚು ಯಂತ್ರದಲ್ಲಿ ಆತ ಅಕ್ಷರವನ್ನು ಸೂಚಿಸುವನು, ಎಡಿತ್ ಒತ್ತುವಳು. ಅದೂ ಅಸಾಧ್ಯವಾದಾಗ ಆಕೆ ಅಕ್ಷರಗಳನ್ನು ಹೇಳುತ್ತ ಹೋಗುವಳು, ಆತ ಸನ್ನೆಯಿಂದ ತಡೆಯುವನು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿ, ಮಧ್ಯಯುಗದ ಹೀಬ್ರೂ ಕವಿ ಯೆಹೂದಾ ಹಾಲೇವಿಯ ಕವಿತೆಗಳು ಜರ್ಮನ್ ಭಾಷೆಗೆ ಬಂದವು. 1925ರಿಂದ ಮಾರ್ಟಿನ್ ಬೂಬರನೊಡನೆ ಹೀಬ್ರೂ ಬೈಬಲ್ಲಿನ ಅನುವಾದ ನಡೆಯಿತು. 1929ರ ಡಿಸೆಂಬರ್ 10ರಂದು ರೋಸೆನ್‌ಜ್ವೈಗ್ ತೀರಿಕೊಂಡಾಗ ಅದು ಯೆಶಾಯನ ಗ್ರಂಥದವರೆಗೆ ಬಂದಿತ್ತು. ಬೂಬರ್ ಅದನ್ನು 1961ರಲ್ಲಿ ಮುಗಿಸಿದನು.

ಈ ವ್ಯಾಧಿಗಳ ಗತಿ ಎಲ್ಲರಲ್ಲಿಯೂ ಒಂದೇ ಅಲ್ಲ. ಸ್ಟೀಫನ್ ಹಾಕಿಂಗ್ 1963ರಲ್ಲಿ ರೋಗ ತಿಳಿದ ಮೇಲೆ 2018ರವರೆಗೆ ಬದುಕಿದನು. ದಕ್ಷಿಣ ಭಾರತದ ತರುಣರಲ್ಲಿ ಕಾಣಿಸುವ, ಮದರಾಸಿನ ಹೆಸರು ಹೊತ್ತ ಬಗೆಯೊಂದು ದಶಕಗಳ ಕಾಲ ಮೆಲ್ಲನೆ ಸಾಗುತ್ತದೆ. ಒಂದೇ ಕೈ ಅಥವಾ ಒಂದೇ ಕಾಲು ಸವೆದು, ಕೆಲವು ವರ್ಷಗಳಲ್ಲಿ ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುವ ಇನ್ನೊಂದು ಬಗೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1984ರಲ್ಲಿ ವರ್ಣಿಸಿದರು. ರೋಸೆನ್‌ಜ್ವೈಗನ ರೋಗ ಅಷ್ಟು ಸೌಮ್ಯವಾಗಿರಲಿಲ್ಲ. ಆದರೂ ಒಂದು ವರ್ಷದ ಗಡುವು ಸುಮಾರು ಎಂಟು ವರ್ಷವಾಯಿತು. ಆ ವರ್ಷಗಳು ಬರಿಯ ಉಸಿರಾಗದೆ ಬರಹವಾದುದು ಅಕ್ಷರಕ್ಕಾಗಿ ಕಾದು ಕುಳಿತ ಇನ್ನೊಂದು ಜೀವದಿಂದ. ಎದುರಿನಲ್ಲಿ ಮತ್ತೊಬ್ಬರು ಬೇಕೆಂಬ ಆತನ ತತ್ತ್ವಕ್ಕೆ ಎಡಿತಳ ತಾಳ್ಮೆಯೇ ಭಾಷ್ಯವಾಯಿತು.