ಕೇಳಿಸಿಕೊಂಡು ಬರೆದ ಅಧಿಕಾರಿ

ಕರ್ನಾಟಕದ ಹೊರಗೆ ಸಿಬಿಎಸ್‌ಇ ಶಾಲೆಗಳಲ್ಲಿ ಓದಿದ ಅನೇಕ ಮಕ್ಕಳಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಗೊತ್ತಾದದ್ದು ಇಂಗ್ಲಿಷ್ ಮೂಲಕ. ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ಪೂರಕ ಪಠ್ಯ ‘ಸ್ನ್ಯಾಪ್‌ಶಾಟ್ಸ್’ನಲ್ಲಿ ರಂಗನ ಮದುವೆಯ ಕಥೆ ಹಲವು ವರ್ಷ ಇತ್ತು. ಚೆನ್ನೈಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ತಮಿಳು ಹುಡುಗಿ ಪರೀಕ್ಷೆಗೆ ಓದುತ್ತಾ, ಅದರಲ್ಲಿ ಬರುವ ಕರಿಗಡುಬು ಎಂದರೇನು ಅಂತ ನನ್ನನ್ನು ಕೇಳಿದ್ದಳು. ನಿಮ್ಮ ಸೋಮಾಸಿಯೇ ಅಂದೆ, ತಕ್ಷಣ ಅರ್ಥವಾಯಿತು. ಆ ಕಥೆ ಬರೆದವರ ಮನೆಮಾತೂ ತಮಿಳೇ ಅಂದಾಗ ಮಾತ್ರ ಅವಳು ನಂಬಲಿಲ್ಲ.

ನಂಬುವುದು ಕಷ್ಟವೇ. ಕನ್ನಡದ ಆಸ್ತಿ ಎಂದು ನಾಡು ಕರೆದ ಮನುಷ್ಯ ಮನೆಯೊಳಗೆ ಬೇರೆ ಭಾಷೆ ಆಡುತ್ತಿದ್ದರು ಎನ್ನುವುದನ್ನು ನಾವು ಕನ್ನಡಿಗರೇ ಆಗಾಗ ಮರೆಯುತ್ತೇವೆ. ಮಾಸ್ತಿ ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಹೊಸಹಳ್ಳಿಯಲ್ಲಿ, ಶ್ರೀವೈಷ್ಣವ ಕುಟುಂಬದಲ್ಲಿ. ಮನೆಯಲ್ಲಿ ಬಡತನ. ಓದಿನಲ್ಲಿ ಮಾತ್ರ ಸದಾ ಮುಂದು. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಅದಕ್ಕೆ ಮೊದಲು ಪದವಿ ಬೇಕಾದ ಮೈಸೂರಿನ ಹುಡುಗರೆಲ್ಲ ಮದ್ರಾಸ್ ವಿಶ್ವವಿದ್ಯಾಲಯವನ್ನೇ ನಂಬಬೇಕಿತ್ತು. ಮಾಸ್ತಿ 1914ರಲ್ಲಿ ಅಲ್ಲಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪಡೆದರು. ಮರೀನಾ ಕಡಲತೀರದ ಎದುರಿಗಿರುವ ಆ ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗೆಲ್ಲ, ಕನ್ನಡದ ಸಣ್ಣ ಕಥೆಯ ಒಂದು ತುದಿ ಇಲ್ಲಿಯೂ ಇದೆಯಲ್ಲ ಅನಿಸುತ್ತದೆ.

ಇಂಗ್ಲಿಷಿನಲ್ಲಿ ಎಂ.ಎ., ಮನೆಯಲ್ಲಿ ತಮಿಳು, ಕೈಗೆ ಬಂದದ್ದು ಮೈಸೂರು ಸಿವಿಲ್ ಸರ್ವಿಸ್ ಹುದ್ದೆ. ಇಂಥವರು ಕನ್ನಡದಲ್ಲೇ ಬರೆಯಬೇಕೆಂಬ ಒತ್ತಾಯ ಯಾವ ಕಡೆಯಿಂದಲೂ ಇರಲಿಲ್ಲ. ಆ ಕಾಲದಲ್ಲಿ ಓದಿದವರು ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದದ್ದೂ ಇಂಗ್ಲಿಷಿನಲ್ಲೇ. ಆದರೂ ಮೊದಲ ಕಥೆಯನ್ನು ಅವರು ಬರೆದದ್ದು ಕನ್ನಡದಲ್ಲಿ, 1910ರ ಹೊತ್ತಿಗೆ, ಇನ್ನೂ ಇಪ್ಪತ್ತು ತುಂಬುವ ಮೊದಲು. ಅದೇ ಈ ರಂಗನ ಮದುವೆ.

ಮೊದಲ ಪುಸ್ತಕಕ್ಕೆ ಮತ್ತೆ ಹತ್ತು ವರ್ಷ ಹಿಡಿಯಿತು. 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಬಂತು. ಶೀರ್ಷಿಕೆ ನೋಡಿ, ಎಷ್ಟು ತಣ್ಣಗಿದೆ! ಇಂದು ಹೊಸ ಲೇಖಕನೊಬ್ಬ ಈ ಹೆಸರು ಹಿಡಿದುಕೊಂಡು ಹೋದರೆ ಪ್ರಕಾಶಕರು ಕಾಫಿ ಕೊಟ್ಟು ಹೊರಗೆ ಕಳಿಸುತ್ತಾರೆ. ಲೇಖಕನ ಹೆಸರೂ ‘ಶ್ರೀನಿವಾಸ’, ಕಾವ್ಯನಾಮ. ವೆಂಕಟೇಶನೂ ಶ್ರೀನಿವಾಸನೂ ಒಬ್ಬನೇ ದೇವರಾದ್ದರಿಂದ ಅಡಗಿಕೊಂಡಂತೆಯೂ ಆಯಿತು, ಅಡಗದಂತೆಯೂ ಆಯಿತು. ಸರ್ಕಾರಿ ಅಧಿಕಾರಿಗೆ ಹೇಳಿ ಮಾಡಿಸಿದ ಉಪಾಯ ಎಂದು ನಾನು ಅಂದುಕೊಂಡಿದ್ದೇನೆ.

ಅವರನ್ನು ಕನ್ನಡ ಸಣ್ಣ ಕಥೆಯ ಜನಕ ಎನ್ನುವುದು ರೂಢಿ. ನಿಜ ಹೇಳಬೇಕೆಂದರೆ ಅವರು ಮೊದಲಿಗರಲ್ಲ. ಪಂಜೆ ಮಂಗೇಶರಾಯರು, ಎಂ.ಎನ್. ಕಾಮತ್, ಕೆರೂರು ವಾಸುದೇವಾಚಾರ್ಯರು ಅವರಿಗಿಂತ ಮೊದಲೇ ಕಥೆ ಬರೆದಿದ್ದರು. ಮಾಸ್ತಿ ಮಾಡಿದ ಕೆಲಸ ಬೇರೆ. ಕಥೆ ಹೇಳುವವನಿಗೆ ಒಂದು ಜಾಗ ಕೊಟ್ಟು, ಅವನನ್ನು ಜಗುಲಿಯ ಮೇಲೆ ಕೂರಿಸಿದರು.

ರಂಗನ ಮದುವೆಯನ್ನೇ ನೋಡಿ. ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿದ ರಂಗ ಊರಿಗೆ ಬರುತ್ತಾನೆ. ಅವನು ಬದಲಾಗಿದ್ದಾನೋ ಎಂದು ನೋಡಲು ಊರೇ ಸೇರುತ್ತದೆ. ಮುದುಕಿಯೊಬ್ಬಳು ಅವನ ಎದೆ ಸವರಿ ಜನಿವಾರ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಜನ ಚದುರುವುದು. ಬೆಳೆದ ಹುಡುಗಿಯನ್ನು, ತಾನು ಮೆಚ್ಚಿದವಳನ್ನು ಮಾತ್ರ ಮದುವೆಯಾಗುತ್ತೇನೆ ಎನ್ನುತ್ತಾನೆ ರಂಗ. ಶ್ಯಾಮ ಎಂಬ ಹಿರಿಯ ಸುಮ್ಮನೆ ಕೇಳಿಸಿಕೊಂಡು, ಹನ್ನೊಂದು ವರ್ಷದ ರತ್ನ ಹಾಡುವ ಹೊತ್ತಿಗೆ ಸರಿಯಾಗಿ ರಂಗ ಮನೆಗೆ ಬರುವಂತೆ ಮಾಡುತ್ತಾನೆ. ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳಿ ಅವನ ಮುಖ ಬಾಡುವುದನ್ನು ನೋಡುತ್ತಾನೆ. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು, ಅವರು ಗ್ರಹಗತಿ ಎಣಿಸಿ ಅವಳ ಹೆಸರನ್ನು ಕಂಡುಹಿಡಿದಂತೆ ನಾಟಕ ಆಡಿಸುತ್ತಾನೆ. ಇಷ್ಟನ್ನೂ ನಮಗೆ ಹೇಳುವವನು ಆ ಶ್ಯಾಮನೇ. ಮಾವಿನಕಾಯಿಯ ಹುಳಿ, ಕೆರೆಯ ಬಳ್ಳಿ, ಭೂಪಟದಲ್ಲಿ ಹೊಸಹಳ್ಳಿ ಇಲ್ಲವೆಂಬ ದೂರು, ಎಲ್ಲವನ್ನೂ ಸುತ್ತಿ ಬಂದು ಆಮೇಲೆ ವಿಷಯಕ್ಕೆ ಕೈ ಹಾಕುತ್ತಾನೆ.

ಹನ್ನೊಂದು ವರ್ಷ ಎನ್ನುವಲ್ಲಿ ಇಂದಿನ ಓದುಗರಿಗೆ ಇರಿಸುಮುರಿಸಾಗುತ್ತದೆ, ಆಗಲೇಬೇಕು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಕಥೆಯಾದ ಎಷ್ಟೋ ವರ್ಷಗಳ ಮೇಲೆ. ಮಾಸ್ತಿ ಶ್ಯಾಮನನ್ನು ಖಂಡಿಸುವುದಿಲ್ಲ, ಹೊಗಳುವುದೂ ಇಲ್ಲ. ಹೊಸ ವಿಚಾರ ಕಲಿತು ಬಂದ ಹುಡುಗನನ್ನು ಹಳೆಯ ಊರು ಎಷ್ಟು ನಯವಾಗಿ, ನಗುನಗುತ್ತಾ ನುಂಗಿಬಿಟ್ಟಿತು ಎಂದು ನಮಗೆ ಕಾಣಿಸುತ್ತದೆ, ಶ್ಯಾಮನಿಗೆ ಕಾಣಿಸುವುದಿಲ್ಲ. ಹೇಳುವವನಿಗೆ ಕಾಣದ್ದು ಕೇಳುವವನಿಗೆ ಕಾಣಬೇಕು. ಇಪ್ಪತ್ತು ತುಂಬದ ಹುಡುಗ ಇದನ್ನು ಎಲ್ಲಿ ಕಲಿತ ಎಂಬುದು ನನಗೆ ಇಂದಿಗೂ ಸೋಜಿಗ.

ಹುದ್ದೆಯ ಕಾರಣಕ್ಕೆ ಅವರು ಸಂಸ್ಥಾನದ ಬೇರೆ ಬೇರೆ ಕಡೆ ಕೆಲಸ ಮಾಡಿದರು. ಜಿಲ್ಲಾಧಿಕಾರಿಯ ಮಟ್ಟಕ್ಕೆ ಏರಿದರು. ಕಂದಾಯದ ಅಧಿಕಾರಿಯ ಕೆಲಸದಲ್ಲಿ ಅರ್ಧ ಭಾಗ ಜನ ಹೇಳುವುದನ್ನು ಕೇಳುವುದೇ. ಗಡಿ ಜಗಳ, ಪಾಲಿನ ಜಗಳ, ಅತ್ತೆ ಸೊಸೆಯರ ಜಗಳ, ಎಲ್ಲವೂ ಕಚೇರಿಯ ಮೆಟ್ಟಿಲು ಹತ್ತುತ್ತವೆ. ಅವರ ಕಥೆಗಳ ಕಟ್ಟಡ ಈ ಕಿವಿಯಿಂದಲೇ ಬಂದದ್ದು ಎಂದು ನನ್ನ ಊಹೆ. ‘ಮೊಸರಿನ ಮಂಗಮ್ಮ’ದಲ್ಲಿ ಮೊಸರು ಮಾರುವ ಹೆಂಗಸು ಗಿರಾಕಿಯ ಮನೆಯಲ್ಲಿ ಕೂತು ತನ್ನ ಸಂಕಟ ಹೇಳಿಕೊಳ್ಳುತ್ತಾಳೆ. ಮೊಮ್ಮಗನಿಗೆ ಸೊಸೆ ಹೊಡೆದದ್ದರಿಂದ ಶುರುವಾದ ಜಗಳ, ಮಗ ಬೇರೆಯಾದದ್ದು, ಯಾರಿಗಾಗಿ ಕೂಡಿಡಲಿ ಎಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಂಡದ್ದು, ಜನ ಅದನ್ನು ಆಡಿಕೊಂಡದ್ದು, ಎಲ್ಲವೂ ಮಂಗಮ್ಮನ ಬಾಯಲ್ಲೇ. ಕೇಳುವ ಗೃಹಿಣಿ ನಡುವೆ ಒಂದೆರಡು ಮಾತು ಹಾಕುತ್ತಾಳೆ, ಅಷ್ಟೇ. ತೀರ್ಪು ಕೊಡುವುದು ವೃತ್ತಿಯಾಗಿದ್ದ ಮನುಷ್ಯ ಕಥೆಯಲ್ಲಿ ತೀರ್ಪನ್ನು ಬದಿಗಿಟ್ಟ. ‘ವೆಂಕಟಿಗನ ಹೆಂಡತಿ’ಯಲ್ಲಿ ಬೇರೊಬ್ಬನ ಪಾಲಾಗಿದ್ದ ಹೆಂಡತಿ ಹಿಂದಿರುಗಿದಾಗ ವೆಂಕಟಿಗ ಅವಳನ್ನೂ ಅವಳ ಮಗುವನ್ನೂ ಮನೆಗೆ ಸೇರಿಸಿಕೊಳ್ಳುತ್ತಾನೆ. ಆ ಕಾಲದ ಯಾವ ಪಂಚಾಯಿತಿಯೂ ಹಾಗೆ ತೀರ್ಮಾನಿಸುತ್ತಿರಲಿಲ್ಲ.

ಇಲ್ಲಿನ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಒಬ್ಬ ಟೆಸ್ಟಿಂಗ್ ಎಂಜಿನಿಯರ್ ತನ್ನ ಮೊದಲ ಕಥಾಸಂಕಲನ ಸಿದ್ಧ ಮಾಡುತ್ತಿದ್ದಾನೆ. ಅವನ ಮನೆಮಾತು ತೆಲುಗು, ಬಾಳುವುದು ತಮಿಳು ಊರಿನಲ್ಲಿ, ದುಡಿಯುವುದು ಇಂಗ್ಲಿಷಿನಲ್ಲಿ. ಕನ್ನಡ ಕಿವಿಗೆ ಬೀಳುವುದೇ ವಾರಕ್ಕೊಮ್ಮೆ, ಇಂಥವನು ಕನ್ನಡ ಕಥೆ ಬರೆಯಬಹುದೇ ಎಂಬುದು ಅವನನ್ನು ಕೊರೆಯುವ ಪ್ರಶ್ನೆ. ಹನ್ನೊಂದು ಕಥೆಗಳನ್ನು ಓದಲು ಕೊಟ್ಟಿದ್ದ. ಅವನಿಗೆ ನಾನು ಹೇಳಿದ್ದು ಮಾಸ್ತಿಯ ವಿಷಯವನ್ನೇ. ಮನೆಮಾತು ಅಲ್ಲದ್ದರಿಂದಲೇ ಇರಬಹುದು, ಅವರು ಕನ್ನಡವನ್ನು ಇತರರ ಬಾಯಿಂದ ಕೇಳಿ ತುಂಬಿಕೊಂಡರು. ಅವರ ಗದ್ಯದಲ್ಲಿ ಬೆಡಗು ಕಡಿಮೆ, ಉಸಿರು ಹೆಚ್ಚು. ಗೆಳೆಯನ ಕಥೆಗಳಲ್ಲಿ ನನಗೆ ಹಿಡಿಸಿದ್ದು ಎರಡು. ಎರಡರಲ್ಲೂ ಮಾತಾಡುವವಳು ಅವನ ಅಜ್ಜಿ. ಉಳಿದ ಒಂಬತ್ತರಲ್ಲಿ ಅವನೇ ಮಾತಾಡಿದ್ದ.

ಮಾಸ್ತಿಯ ಮೇಲೆ ದೂರುಗಳೂ ಇವೆ. ಅವರ ಲೋಕ ಬೇಗ ರಾಜಿಯಾಗಿಬಿಡುತ್ತದೆ, ಕೇಡು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದು ಮುಂದಿನ ತಲೆಮಾರಿನವರಿಗೆ ಅನಿಸಿತು. ಸಾಲು ಸಾಲಾಗಿ ಓದುತ್ತಾ ಹೋದರೆ ನನಗೂ ಹಾಗೆ ಅನಿಸಿದ್ದುಂಟು. ದಿನಕ್ಕೊಂದು ಕಥೆಯಂತೆ ಓದಿದರೆ ಅನಿಸುವುದಿಲ್ಲ. ಜೊತೆಗೆ ಅವರ ಹರವನ್ನೂ ನೆನೆಯಬೇಕು. ಮಾಲೂರು ಸೀಮೆಯ ಮನುಷ್ಯ ಗಯಟೆಯ ಕೊನೆಯ ದಿನದ ಬಗ್ಗೆಯೂ ಟಾಲ್‌ಸ್ಟಾಯ್ ಬಗ್ಗೆಯೂ ಕನ್ನಡದಲ್ಲಿ ಕಥೆ ಬರೆದರು. 1928ರ ನೀಳ್ಗತೆ ‘ಸುಬ್ಬಣ್ಣ’ದಲ್ಲಿ ತಂದೆಯೊಡನೆ ಮುನಿದ ಸಂಗೀತಗಾರ ಮೈಸೂರು ಬಿಟ್ಟು ಕಲ್ಕತ್ತೆ ಸೇರುತ್ತಾನೆ. ಊರು ಬಿಟ್ಟವರು ಒಮ್ಮೆ ಓದಲೇಬೇಕಾದ ಪುಸ್ತಕ ಅದು. ಮರುವರ್ಷ, ಮೂವತ್ತೆಂಟನೇ ವಯಸ್ಸಿಗೆ, ಅವರು ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಐಟಿಯವರಿಗೆ ಚೆನ್ನಾಗಿ ಅರ್ಥವಾಗುವ ಘಟನೆ ನಡೆದದ್ದು 1943ರಲ್ಲಿ. ಮಂತ್ರಿಗೆ ಸಮಾನವಾದ ಹುದ್ದೆ ತಮಗೆ ಬರಬೇಕಿತ್ತು ಎಂಬುದು ಮಾಸ್ತಿಯವರ ನಂಬಿಕೆ. ಬಂದದ್ದು ಅವರಿಗಿಂತ ಕಿರಿಯರೊಬ್ಬರಿಗೆ. ನಾವಾಗಿದ್ದರೆ ಅಪ್ರೈಸಲ್ ಮುಗಿದ ಸಂಜೆ ಗೊಣಗಿ, ನಾಲ್ಕು ಕಡೆ ರೆಸ್ಯೂಮೆ ಕಳಿಸಿ, ಮಾರನೇ ದಿನ ಮತ್ತೆ ಲಾಗಿನ್ ಆಗುತ್ತಿದ್ದೆವು. ಅವರು ರಾಜೀನಾಮೆ ಕೊಟ್ಟರು. ವಯಸ್ಸು ಐವತ್ತೆರಡು. ಇದನ್ನು ಸಾಹಿತ್ಯಕ್ಕಾಗಿ ಮಾಡಿದ ತ್ಯಾಗ ಎಂದು ಬಣ್ಣಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ಸ್ವಾಭಿಮಾನದ ಪ್ರಶ್ನೆ. ಕನ್ನಡಕ್ಕೆ ಲಾಭವಾದದ್ದು ಆಮೇಲಿನ ಮಾತು. 1944ರಿಂದ ಸುಮಾರು ಎರಡು ದಶಕ ಅವರು ‘ಜೀವನ’ ಮಾಸಪತ್ರಿಕೆಯನ್ನು ನಡೆಸಿದರು. ‘ಚಿಕವೀರ ರಾಜೇಂದ್ರ’ ಕಾದಂಬರಿ ಬಂದದ್ದು 1956ರಲ್ಲಿ, ನೌಕರಿ ಬಿಟ್ಟು ಹದಿಮೂರು ವರ್ಷಕ್ಕೆ. ಕೊಡಗಿನ ಕೊನೆಯ ಅರಸನ ಪತನದ ಆ ಕಥೆಯಲ್ಲಿ ಆಡಳಿತ ಒಳಗಿನಿಂದ ಹೇಗೆ ಕೊಳೆಯುತ್ತದೆ ಎಂಬುದನ್ನು ಕಡತ ಹಿಡಿದು ಬಲ್ಲವನೇ ಹಾಗೆ ಬರೆಯಬಲ್ಲ. ಮಾಸ್ತಿಯಲ್ಲಿ ಕೇಡು ನಿಲ್ಲುವುದಿಲ್ಲ ಎನ್ನುವವರಿಗೆ ಉತ್ತರ ಆ ಪುಸ್ತಕದಲ್ಲಿದೆ.

ಸಣ್ಣ ಕಥೆಯನ್ನು ಮಾತ್ರ ಬಿಡಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 1968ರಲ್ಲಿ ಬಹುಮಾನ ಕೊಟ್ಟದ್ದು ‘ಸಣ್ಣ ಕಥೆಗಳು’ ಸಂಪುಟಕ್ಕೆ. ಐವತ್ತು ವರ್ಷದಾಚೆಯೂ ಶೀರ್ಷಿಕೆಗೆ ಅದೇ ತಣ್ಣನೆಯ ಸ್ವಭಾವ. 1983ರ ಜ್ಞಾನಪೀಠ ಬಂತು. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ಸಂದ ನಾಲ್ಕನೆಯದು. ಆಗ ಅವರಿಗೆ ತೊಂಬತ್ತು ದಾಟಿತ್ತು.

1986ರ ಜೂನ್ 6ರಂದು, ತಮ್ಮ ತೊಂಬತ್ತೈದನೇ ಹುಟ್ಟುಹಬ್ಬದ ದಿನವೇ, ಅವರು ತೀರಿಕೊಂಡರು. ಅದರ ಹಿಂದಿನ ವರ್ಷ ಅವರ ಕೊನೆಯ ಪುಸ್ತಕ ಬಂದಿತ್ತು. ಹೆಸರು, ‘ಮಾತುಗಾರ ರಾಮಣ್ಣ’.